ಅಲ್ಫಾರ್ಡ್ ಕೊಂಡು ಕ್ಯಾಂಪರ್ ಮಾಡಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ತುಂಗಾತೀರ, ಲೀಡ್ಸ್

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ನಾನು, ಹೆಂಡತಿ, ಏಳು ವರ್ಷದ ಮಗಳು. ಜೂನ್‌ನಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಾರೆ, ಮೂರು ತಿಂಗಳು ಇರುತ್ತಾರೆ. ಹೋದ ಸಲ ಅವರು ಬಂದಾಗ ಸ್ಕಾಟ್ಲೆಂಡ್ ಸುತ್ತಿಸಿದ್ದೆವು. ಹೋಟೆಲಿಗೆ ಆದ ಖರ್ಚು ಹಾಗಿರಲಿ, ಅಮ್ಮ ಬೆಳಿಗ್ಗೆ ಐದೂವರೆಗೆ ಎದ್ದು ಕಿಟಕಿ ಪಕ್ಕ ಕೂತು, ಎಂಟು ಗಂಟೆಗೆ ಕೆಳಗೆ ತಿಂಡಿ ಶುರುವಾಗೋವರೆಗೂ ಒಂದು ಲೋಟ ಕಾಫಿ ಇಲ್ಲದೆ ಕಾಯುತ್ತಿದ್ದರು. ಅದು ಇನ್ನೂ ಕಣ್ಣ ಮುಂದೆ ಇದೆ. ಈ ಸಲ ಅವರದೇ ಅಡಿಗೆಮನೆ ಜೊತೆಗೇ ಬರಬೇಕು ಅಂತ ಆಸೆ.

ಒಳಗೇ ಹಾಸಿಗೆ, ಅಡಿಗೆ ಜಾಗ ಇರುವ ರೆಡಿ ಕ್ಯಾಂಪರ್ ರೇಟು ನಮ್ಮ ಕೈಗೆ ಎಟುಕಲ್ಲ. ಹಾಗಾಗಿ ಜಪಾನ್‌ನಿಂದ ಬಂದ ಟೊಯೋಟಾ ಅಲ್ಫಾರ್ಡ್ ವ್ಯಾನ್ ಒಂದನ್ನು ಕೊಂಡು ನಾನೇ ಮಾಡೋಣ ಅಂತ. 2005ರ ಗಾಡಿ, 2.4 ಲೀಟರ್ ಪೆಟ್ರೋಲ್ ಎಂಜಿನ್, ಫೋರ್ ವೀಲ್ ಡ್ರೈವ್, ಎಂಟು ಸೀಟು. ಬಾಡಿ ಫಳಫಳ ಅನ್ನುತ್ತಿದೆ. ಮಾರುವವರು ಇದೀಗ ಹಡಗಿಂದ ಇಳಿದಿದೆ, ಜಪಾನ್ ಗಾಡಿಗೆ ತುಕ್ಕೇ ಇರಲ್ಲ ಅನ್ನುತ್ತಿದ್ದಾರೆ. ನಿಜಾನಾ?

ಇನ್ನೂ ಕೆಲವು ಅನುಮಾನ ಇದೆ. ಅಡಿಗೆ ಜಾಗ ಪಕ್ಕದ ಗೋಡೆಗೆ ಉದ್ದಕ್ಕೆ ಮಾಡೋದಾ, ಇಲ್ಲ ಹಿಂದೆ ಡಿಕ್ಕಿಯಲ್ಲಿ ಮಾಡೋದಾ? ಮೇಲ್ಛಾವಣಿ ಕತ್ತರಿಸಿ ಎತ್ತುವ ಛಾವಣಿ ಹಾಕಿಸಿದರೆ ಲಾಭ ಇದೆಯಾ? ಕರೆಂಟ್ ವಿಷಯ ನನಗೆ ಏನೂ ಗೊತ್ತಿಲ್ಲ. ಮರದ ಕೆಲಸ ಬರುತ್ತೆ, ಮನೆಯ ಕಪಾಟುಗಳನ್ನೆಲ್ಲ ನಾನೇ ಮಾಡಿದ್ದೇನೆ. ವಾರದ ದಿನಗಳಲ್ಲಿ ಇದೇ ಗಾಡಿಯಲ್ಲಿ ಮಗಳನ್ನು ಶಾಲೆಗೂ ಬಿಡಬೇಕು.

ಕಬ್ಬಿಣದ ಕೆಲಸ, ಕವೆಂಟ್ರಿ

ಹದಿನಾಲ್ಕು ವರ್ಷದಿಂದ ಗ್ಯಾರೇಜಿನಲ್ಲಿ ಬಾಡಿ ಕೆಲಸ ಮಾಡುತ್ತಿದ್ದೇನೆ, ಇಂಥ ಗಾಡಿ ಸುಮಾರು ಬರುತ್ತವೆ. ಅಡಿಗೆಮನೆ, ಕರೆಂಟ್ ಎಲ್ಲ ಆಮೇಲೆ ನೋಡೋಣ, ಮೊದಲು ಗಾಡಿಯ ಕೆಳಗೆ ಮಲಗಿ ನೋಡಿ.

ತುಕ್ಕೇ ಇರಲ್ಲ ಅನ್ನೋದು ಅರ್ಧ ಸತ್ಯ. ಜಪಾನ್‌ನಲ್ಲಿ ಜಾಸ್ತಿ ಕಡೆ ರಸ್ತೆಗೆ ಉಪ್ಪು ಹಾಕಲ್ಲ. ಆದರೆ ಹೊಕ್ಕೈಡೊ, ತೊಹೊಕು, ನೀಗಾತ ಕಡೆ ಹಿಮ ಬೀಳುತ್ತದೆ, ಅಲ್ಲಿ ಉಪ್ಪು ಹಾಕುತ್ತಾರೆ. ನೀವು ಫೋರ್ ವೀಲ್ ಡ್ರೈವ್ ಅಂದಿರಿ. ಆ ಹಿಮದ ಊರುಗಳ ಜನ ಅದನ್ನೇ ಹೆಚ್ಚು ಕೊಳ್ಳುತ್ತಾರೆ, ಅದಕ್ಕೇ ನನಗೆ ಮೊದಲು ಆ ಮಾತೇ ಕಿವಿಗೆ ಬಿತ್ತು. ಅಲ್ಲಿಂದ ಬಂದ ಎಲ್ಲ ಗಾಡಿಯೂ ಕೆಟ್ಟದು ಅಂತಲ್ಲ, ಆದರೆ ಎರಡು ಸಲ ನೋಡಬೇಕು.

ಮಾರುವವರ ಹತ್ತಿರ ಜಪಾನ್ ಹರಾಜಿನ ಹಾಳೆ ಕೇಳಿ. ಅದರಲ್ಲಿ ಗಾಡಿಯ ಚಿತ್ರ ಬರೆದು ಎಲ್ಲೆಲ್ಲಿ ಏನಾಗಿದೆ ಅಂತ ಅಕ್ಷರದಲ್ಲಿ ಗುರುತು ಹಾಕಿರುತ್ತಾರೆ. ಎ ಅಂದರೆ ಗೀರು, ಯು ಅಂದರೆ ನೆಗ್ಗು, ಡಬ್ಲ್ಯೂ ಅಂದರೆ ರಿಪೇರಿ ಮಾಡಿದ ಅಲೆಅಲೆ ಜಾಗ. ನಿಮಗೆ ಮುಖ್ಯವಾದದ್ದು ಎಸ್ ಮತ್ತು ಸಿ. ಎಸ್ ಅಂದರೆ ತುಕ್ಕು, ಸಿ ಅಂದರೆ ತುಕ್ಕು ತಿಂದು ಕೊರೆದಿದೆ ಅಂತ. ಗ್ರೇಡ್ 4, 4.5 ಇದ್ದರೆ ಒಳ್ಳೆಯದು, ಆರ್ ಅಂತ ಇದ್ದರೆ ಏಟು ಬಿದ್ದು ರಿಪೇರಿ ಆದದ್ದು. ಯಾವ ಊರಿನ ಹರಾಜು ಅಂತಲೂ ಕೇಳಿ. ಹಾಳೆ ಕಳೆದುಹೋಗಿದೆ ಅಂದರೆ ನಾನಾಗಿದ್ದರೆ ಆ ಗಾಡಿ ಬಿಟ್ಟುಬಿಡುತ್ತೇನೆ.

ಕೆಳಗೆ ನೋಡುವಾಗ ಎಲ್ಲ ಕಡೆ ಹೊಸದಾಗಿ ಕಪ್ಪು ಬಳಿದಿದ್ದರೆ ಎಚ್ಚರ. ತುಕ್ಕು ಉಜ್ಜಿ ತೆಗೆದು, ಒಣಗಿಸಿ, ಆಮೇಲೆ ಬಳಿದರೆ ಅದು ರಕ್ಷಣೆ. ತುಕ್ಕಿನ ಮೇಲೇ ಬಳಿದರೆ ನೀರು ಒಳಗೆ ಸಿಕ್ಕಿಹಾಕಿಕೊಂಡು ಇನ್ನೂ ಬೇಗ ತಿನ್ನುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಾಗಿಲ ಕೆಳಗಿನ ಅಂಚು, ಹಿಂದಿನ ಚಕ್ರದ ಕಮಾನು ಮೆಲ್ಲಗೆ ಬಡಿಯಿರಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತಿದ್ದರೆ ಮಂಕಾಗಿ ದಬ್ ಅನ್ನುತ್ತದೆ. ಒಂದು ಸಲ ಕೇಳಿದರೆ ಸಾಕು, ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಎಂಜಿನ್ ಬಗ್ಗೆ: 2.4ಕ್ಕೆ ಟೈಮಿಂಗ್ ಚೈನ್, 3.0 ವಿ6ಗೆ ಬೆಲ್ಟ್. ವಿ6 ನೋಡುವುದಾದರೆ ಬೆಲ್ಟ್ ಯಾವಾಗ ಬದಲಾಯಿತು ಅಂತ ಕಾಗದ ಇರಬೇಕು. ಹಿಂದೆ ಫಾಗ್ ಲೈಟ್ ಹಾಕಿದ್ದಾರಾ, ಸ್ಪೀಡೋಮೀಟರ್ ಮೈಲಿಗೆ ಬದಲಿಸಿದ್ದಾರಾ ಅಂತಲೂ ನೋಡಿ, ಎರಡೂ ಇಲ್ಲಿ ಬೇಕೇ ಬೇಕು. ಹೆಡ್‌ಲೈಟ್ ಬದಲಿಸಬೇಕಿಲ್ಲ. ಜಪಾನ್‌ನಲ್ಲೂ ಇಲ್ಲಿಯ ಹಾಗೆ ಎಡಗಡೆಯೇ ಓಡಿಸುತ್ತಾರಲ್ವಾ.

ಕಪಿಲೆ, ಬ್ರಿಸ್ಟಲ್

ನಮ್ಮದು ಮಜ್ದಾ ಬಾಂಗೋ ಫ್ರೆಂಡಿ, ಅದೂ ಜಪಾನಿನ ವ್ಯಾನೇ, ಒಂಬತ್ತು ವರ್ಷವಾಯಿತು. ಅಲ್ಫಾರ್ಡ್ ಬೇಡ ಅನ್ನಲ್ಲ, ಆದರೆ ಛಾವಣಿ ಎತ್ತಬೇಕು ಅಂತಿದ್ದರೆ ಒಮ್ಮೆ ಬಾಂಗೋ ನೋಡಿ. ಅದರಲ್ಲಿ ಕೆಲವಕ್ಕೆ ಕಾರ್ಖಾನೆಯಿಂದಲೇ ಎತ್ತುವ ಛಾವಣಿ ಇರುತ್ತದೆ. ಬಟನ್ ಒತ್ತಿದರೆ ಮೇಲೇಳುತ್ತದೆ, ಮೇಲೆ ಇಬ್ಬರು ಮಲಗಬಹುದು. ನಮ್ಮ ಮಕ್ಕಳು ಅದಕ್ಕೆ ಅಟ್ಟ ಅಂತಲೇ ಹೆಸರಿಟ್ಟಿದ್ದಾರೆ. ಬಾಂಗೋದ ಕಷ್ಟ ಅಂದರೆ ವಯಸ್ಸು. 1995ರಿಂದ 2005ರವರೆಗೆ ಮಾತ್ರ ಬಂದದ್ದು, ಅಂದರೆ ಚಿಕ್ಕದಕ್ಕೂ ಇಪ್ಪತ್ತು ದಾಟಿದೆ. ಎಂಜಿನ್ ಮುಂದಿನ ಸೀಟಿನ ಕೆಳಗೆ ಇರುತ್ತದೆ. ಎಂಜಿನ್ ತಣ್ಣಗಿಡುವ ನೀರು, ಅಂದರೆ ಕೂಲಂಟ್, ಹಿಂದಿನ ಹೀಟರ್‌ವರೆಗೂ ಉದ್ದದ ಪೈಪಿನಲ್ಲಿ ಹೋಗಿ ಬರಬೇಕು. ಇಷ್ಟು ಹಳೆಯ ಗಾಡಿಯಲ್ಲಿ ಆ ಪೈಪು, ರಬ್ಬರು ಎಲ್ಲೋ ಒಂದು ಕಡೆ ಸೋರುತ್ತದೆ. ಡೀಸೆಲ್ ಎಂಜಿನ್ ಒಂದು ಸಲ ಕೂಲಂಟ್ ಇಲ್ಲದೆ ಬಿಸಿಯಾದರೆ ಅದರ ಮೇಲ್ಭಾಗದ ಹೆಡ್ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನಾವು ಕೂಲಂಟ್ ಕಡಿಮೆಯಾದರೆ ಕೂಗುವ ಅಲಾರಂ ಹಾಕಿಸಿದ್ದೇವೆ. ಮಾನ್ಮತ್ ಹತ್ತಿರ ಒಂದು ಸಲ ಅದು ಕೂಗಿತು, ತಕ್ಷಣ ನಿಲ್ಲಿಸಿದೆವು, ಎಂಜಿನ್ ಉಳಿಯಿತು.

ಈಗ ಅಡಿಗೆ. ಇದನ್ನು ಯಾವ ಇಂಗ್ಲಿಷ್ ವಿಡಿಯೋದಲ್ಲೂ ಹೇಳಲ್ಲ. ನಾವು ಮೊದಲು ಪಕ್ಕದ ಗೋಡೆಗೆ ಅಡಿಗೆ ಜಾಗ ಮಾಡಿಸಿದ್ದೆವು. ಮೊದಲ ಪ್ರವಾಸದಲ್ಲೇ ಮಳೆ ಅಂತ ಬಾಗಿಲು ಹಾಕಿಕೊಂಡು ಒಳಗೇ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ. ಸಾಸಿವೆ, ಇಂಗು, ಒಣಮೆಣಸಿನಕಾಯಿ. ಐದು ನಿಮಿಷಕ್ಕೆ ಎಲ್ಲರಿಗೂ ಕೆಮ್ಮು, ಮೂರು ತಿಂಗಳವರೆಗೆ ಪರದೆ, ಸೀಟು, ಛಾವಣಿಯ ಬಟ್ಟೆ ಎಲ್ಲದರಲ್ಲೂ ಇಂಗಿನ ವಾಸನೆ. ನಮ್ಮ ಅಡಿಗೆಗೆ ಹಿಂದಿನ ಡಿಕ್ಕಿಯೇ ಸರಿ. ಹಿಂದಿನ ಬಾಗಿಲು ಮೇಲಕ್ಕೆ ತೆರೆದರೆ ಅದೇ ಚಪ್ಪರ. ಮಳೆಯಲ್ಲೂ ನಿಂತು ದೋಸೆ ಹುಯ್ಯಬಹುದು, ಹೊಗೆ ಹೊರಗೆ ಹೋಗುತ್ತದೆ. ನಿಮ್ಮ ಅಮ್ಮನಿಗೂ ಬೆನ್ನು ಬಗ್ಗಿಸದೆ ನಿಂತು ಮಾಡೋಕೆ ಆಗುತ್ತದೆ. ನಾವು ನಾಲ್ಕನೇ ವರ್ಷ ಎಲ್ಲ ಕಿತ್ತು ಹಿಂದಕ್ಕೆ ಹಾಕಿಸಿದೆವು.

ಹೇಮಾವತಿ ನೀರು, ರೆಡಿಂಗ್

ಅಲ್ಫಾರ್ಡ್, 2004, ಛಾವಣಿ ಕತ್ತರಿಸಿ ಎತ್ತುವುದನ್ನು ಹಾಕಿಸಿದವನು ನಾನು. ಅವಸರ ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಕೆಲಸ ಮಾಡಿಸಿದ ಜಾಗದ ಹೆಸರು ಬೇಡ. ಆರು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಗ್ಲೆನ್‌ಕೋದಲ್ಲಿ ರಾತ್ರಿ ಎರಡು ಗಂಟೆಗೆ ದಿಂಬಿನ ಮೇಲೆ ಟಪ್ ಟಪ್ ಅಂತ ನೀರು. ಟಾರ್ಚ್ ಹಾಕಿ ನೋಡಿದರೆ ಮುಂದಿನ ಬಲಮೂಲೆಯಿಂದ ಬಟ್ಟೆಯ ಹಿಂದೆ ಹರಿದು ಬರುತ್ತಿದೆ. ಮನೆಗೆ ಬಂದು ಒಳಗಿನ ಬಟ್ಟೆ ಬಿಚ್ಚಿದಾಗ ಕತ್ತರಿಸಿದ ತಗಡಿನ ಅಂಚು ಕಂಡಿತು. ಅದಕ್ಕೆ ಪ್ರೈಮರೇ ಹಚ್ಚಿರಲಿಲ್ಲ. ಬರೀ ತಗಡಿನ ಮೇಲೆ ಸೀಲಂಟ್ ಅಂಟಿಸಿದ್ದರು. ಅಂಚಿನ ಉದ್ದಕ್ಕೂ ಕಿತ್ತಳೆ ಬಣ್ಣದ ಗೆರೆ ಎಳೆದ ಹಾಗೆ ತುಕ್ಕು, ಸೀಲಂಟ್ ಬೆರಳಿಗೆ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ಬೇರೆ ಕಡೆ ಸರಿ ಮಾಡಿಸಲು ಮತ್ತೆ ಅಷ್ಟೇ ದುಡ್ಡು. ಮಾಡಿಸುವುದಾದರೆ ಕತ್ತರಿಸಿದ ಮೇಲೆ, ಅಂಟಿಸುವ ಮೊದಲು ಅಂಚಿನ ಫೋಟೋ ಕಳಿಸಿ ಅಂತ ಮೊದಲೇ ಮಾತಾಡಿಕೊಳ್ಳಿ. ಪಕ್ಕದ ಪರದೆ ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದು ಛಾವಣಿಯ ಅಂಚಿನಲ್ಲೇ ಕೂತಿರುತ್ತದೆ. ಅದು ಗೊತ್ತಿಲ್ಲದವರ ಕೈಗೆ ಗರಗಸ ಕೊಡಬೇಡಿ.

ಇನ್ನೊಂದು ವಿಷಯ. ಕ್ಯಾಂಪರ್ ಮಾಡಿದ ಮೇಲೆ ಗಾಡಿಯ ನೋಂದಣಿ ಪತ್ರ ವಿ5ಸಿಯಲ್ಲಿ ಮೋಟರ್ ಕ್ಯಾರವಾನ್ ಅಂತ ಬದಲಾಗುತ್ತದೆ ಅಂತ ತುಂಬ ಜನ ನಂಬಿರುತ್ತಾರೆ. ಒಳಗೆ 6 ಅಡಿ ಹಾಸಿಗೆ, ಮೇಜು, ಒಲೆ, ಕಪಾಟು ಇದ್ದರಷ್ಟೇ ಗಾಡಿ ನೋಂದಣಿ ಮಾಡುವ ಡಿವಿಎಲ್‌ಎ ಕಚೇರಿಗೆ ಸಾಲದು. ಹೊರಗಿನಿಂದ ನೋಡಿದರೂ ಕ್ಯಾರವಾನ್ ಥರ ಕಾಣಬೇಕು. ಎರಡೂ ಪಕ್ಕ ಗ್ರಾಫಿಕ್ಸ್, ಚಪ್ಪರ ಕಟ್ಟುವ ಕಂಬಿ, ಎತ್ತರದ ಛಾವಣಿ, ಇಂಥವನ್ನು ನೋಡುತ್ತಾರೆ. ಎತ್ತರದ ಛಾವಣಿ ಅಂದರೆ ಯಾವಾಗಲೂ ಎತ್ತರ ಇರುವಂಥದ್ದು, ನಮ್ಮ ಹಾಗೆ ಎತ್ತಿ ಇಳಿಸುವುದು ಲೆಕ್ಕಕ್ಕೆ ಬರಲ್ಲ. ನನ್ನದು ಇನ್ನೂ ಎಂಪಿವಿ, ಅಂದರೆ ಜಾಸ್ತಿ ಸೀಟಿನ ದೊಡ್ಡ ಕಾರು, ಅಂತಲೇ ಇದೆ. ಅದರಿಂದ ಓಡಾಟಕ್ಕೆ ಏನೂ ತೊಂದರೆ ಆಗಿಲ್ಲ. ಸೀಟಿನ ಸಂಖ್ಯೆ ಬದಲಾದರೆ ಮಾತ್ರ ಅವರಿಗೆ ತಿಳಿಸಿ. ಇನ್ಶೂರೆನ್ಸ್‌ನವರಿಗೆ ಇಂಪೋರ್ಟ್ ಗಾಡಿ, ಒಳಗೆ ಇಂತಿಂಥ ಕೆಲಸ ಮಾಡಿದ್ದೇವೆ ಅಂತ ಫೋಟೋ ಸಮೇತ ಮೊದಲೇ ಹೇಳಿ. ಬಚ್ಚಿಟ್ಟರೆ ಏಟು ಬಿದ್ದ ದಿನ ಕ್ಲೇಮ್ ಸಿಗಲ್ಲ.

ಲಂಡನ್ ಕಡೆ ನೆಂಟರಿದ್ದರೆ ಯುಲೆಝ್ ನೋಡಿಕೊಳ್ಳಿ, ಹೊಗೆಯ ಮಿತಿ ಮೀರಿದ ಗಾಡಿಗೆ ಹಾಕುವ ಶುಲ್ಕ ಅದು. 2023ರ ಆಗಸ್ಟ್‌ನಿಂದ ಇಡೀ ಲಂಡನ್‌ಗೆ ಅನ್ವಯ, ದಿನಕ್ಕೆ 12.50 ಪೌಂಡ್. ಪೆಟ್ರೋಲ್ ಗಾಡಿ ಶುದ್ಧವೇ ಇದ್ದರೂ ಜಪಾನ್‌ನಿಂದ ಬಂದದ್ದಕ್ಕೆ ಹೊಗೆ ಎಷ್ಟು ಅಂತ ತೋರಿಸುವ ಯೂರೋ ದರ್ಜೆ ಕಾಗದದಲ್ಲಿ ಇರಲ್ಲ. ಹಾಗಾಗಿ ಹೊಗೆಯ ಅಳತೆಯ ದಾಖಲೆ ಕೊಟ್ಟು ಒಪ್ಪಿಸಬೇಕಾಗಬಹುದು. ಕೊಳ್ಳುವ ಮುಂಚೆಯೇ ಆ ನಂಬರ್ ಹಾಕಿ ನೋಡಿ.

ಕರೆಂಟ್ ಮೇಷ್ಟ್ರು, ಮಿಲ್ಟನ್ ಕೀನ್ಸ್

ಕರೆಂಟ್ ವಿಷಯ ನಾನು ಹೇಳುತ್ತೇನೆ, ಹೆದರಬೇಡಿ, ಲೆಕ್ಕ ಸುಲಭ.

ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಫ್ರಿಜ್, ಲೈಟು ಜೋಡಿಸಬೇಡಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ. ಎರಡನೇ ಬ್ಯಾಟರಿ ಬೇಕು. 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಚಿಕ್ಕದು ಓಡುವಾಗ 45 ವ್ಯಾಟ್ ಹತ್ತಿರ ತಿನ್ನುತ್ತದೆ, ಆದರೆ ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಓಡುತ್ತದೆ. ದಿನಕ್ಕೆ ಸುಮಾರು 30 ಆಂಪಿಯರ್ ಅವರ್ ಅಂತ ಇಟ್ಟುಕೊಳ್ಳಿ. 100 ಆಂಪಿಯರ್ ಅವರ್ ಎಜಿಎಂ (ಮುಚ್ಚಿದ ಸೀಸದ) ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಇಲ್ಲದಿದ್ದರೆ ಬೇಗ ಸಾಯುತ್ತದೆ. ಅಂದರೆ ಲೈಟು, ಫೋನ್ ಸೇರಿ ಒಂದೂವರೆ ದಿನ ಗಾಡಿ ಓಡಿಸದೆ ಇರಬಹುದು. ಲಿಥಿಯಂ ಆದರೆ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್. 2005ರ ಗಾಡಿಗೆ ಅದು ಹಳೆಯ ಥರದ್ದು, ಹಾಗಾಗಿ ಎಜಿಎಂಗೆ ಒಂದು ವೋಲ್ಟೇಜ್ ನೋಡಿ ಕೂಡಿಕೊಳ್ಳುವ ರಿಲೇ ಸಾಕು. ಎಂಜಿನ್ ಓಡುವಾಗ ಎರಡೂ ಬ್ಯಾಟರಿ ಸೇರುತ್ತವೆ, ನಿಂತಾಗ ಬೇರೆಯಾಗುತ್ತವೆ. ಲಿಥಿಯಂ ಆದರೆ ರಿಲೇ ಬೇಡ. ಅದು ಕರೆಂಟನ್ನು ಒಂದೇ ಸಮ ಎಳೆದು ಆಲ್ಟರ್ನೇಟರ್ ಸುಡಬಹುದು. ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ ಟು ಡಿಸಿ ಚಾರ್ಜರ್ ಹಾಕಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಎರಡು ಬ್ಯಾಟರಿ ನಡುವಿನ ದಪ್ಪ ವೈರಿಗೆ ಎರಡೂ ತುದಿಯಲ್ಲಿ, ಬ್ಯಾಟರಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಫ್ಯೂಸ್ ಇರಲೇಬೇಕು. ಎರಡೂ ಕಡೆಯಿಂದ ಕರೆಂಟ್ ಬರುವ ವೈರು ಅದು. ವೈರು ತಗಡಿನ ತೂತಿನಲ್ಲಿ ಹೋಗುವ ಕಡೆ ರಬ್ಬರ್ ಉಂಗುರ ಹಾಕಿ. ಇಲ್ಲದಿದ್ದರೆ ಗಾಡಿ ಅಲುಗಾಡಿ ಅಲುಗಾಡಿ ವೈರಿನ ಸಿಪ್ಪೆ ಸವೆದು ಬೆಂಕಿ ಹೊತ್ತಿಕೊಳ್ಳುತ್ತದೆ.

ಇಂಡಕ್ಷನ್ ಒಲೆ ಬ್ಯಾಟರಿಯಲ್ಲಿ ಓಡಿಸುವ ಆಸೆ ಇದ್ದರೆ ಬಿಡಿ. 1,800 ವ್ಯಾಟ್ ಅಂದರೆ 12 ವೋಲ್ಟ್ ಕಡೆಯಿಂದ 150 ಆಂಪಿಯರ್ ಎಳೆಯುತ್ತದೆ. ಕ್ಯಾಂಪ್‌ಸೈಟ್‌ನ ಕಂಬದ ಕರೆಂಟ್‌ನಲ್ಲಿ 1,000 ವ್ಯಾಟ್‌ಗೆ ಇಟ್ಟರೆ ಕುಕ್ಕರ್ ಕೂಗುತ್ತದೆ. ಆ 230 ವೋಲ್ಟ್ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಆರ್‌ಸಿಡಿ ಸ್ವಿಚ್ ಇರಲಿ. ಗ್ಯಾಸ್ ಇಟ್ಟರೆ ಅದು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆ ಒಳಗಡೆಗೆ ಮುಚ್ಚಿರಬೇಕು, ಕೆಳಗೆ ಹೊರಕ್ಕೆ ತೂತಿರಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಚಳಿ ಅಂತ ಒಲೆ ಹಚ್ಚಿ ಬೆಚ್ಚಗೆ ಮಾಡಿಕೊಳ್ಳುವುದಂತೂ ಬೇಡವೇ ಬೇಡ. ಮನೆಯಲ್ಲಿ ಹಿರಿಯರು, ಮಗು ಇದ್ದಾರೆ.

ಕಬ್ಬಿಣದ ಕೆಲಸ, ಕವೆಂಟ್ರಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಧ್ಯದ ಸೀಟು ಕಿತ್ತು ಹಾಸಿಗೆಯಾಗುವ ಬೆಂಚ್ ಹಾಕುವವರು ಇದ್ದಾರೆ. ಪ್ಲೈವುಡ್‌ಗೆ ಸೀಟ್ ಬೆಲ್ಟ್ ಬೋಲ್ಟ್ ಮಾಡಿದ ಬೆಂಚ್ ನಾನು ಕಣ್ಣಾರೆ ನೋಡಿದ್ದೇನೆ, ಅದರಲ್ಲಿ ಎರಡು ಮಕ್ಕಳ ಸೀಟು ಇತ್ತು. ಎಳೆದು ಪರೀಕ್ಷೆ ಮಾಡಿದ ಬೆಂಚ್ ಅಲ್ಲದಿದ್ದರೆ ಮಗುವನ್ನು ಕೂರಿಸಬೇಡಿ. ನಿಮಗೆ ಐದು ಸೀಟು ಬೇಕು, ಶಾಲೆಗೂ ಹೋಗಬೇಕು. ಮಧ್ಯದ ಸೀಟು ಟೊಯೋಟಾದವರು ಕೂರಿಸಿದ ಜಾಗದಲ್ಲೇ ಇರಲಿ, ಹಿಂದಿನ ಸಾಲು ಮಾತ್ರ ತೆಗೆಯಿರಿ.

ಪಿಕಪ್ ಪೆಟ್ಟಿಗೆ, ಆಕ್ಲೆಂಡ್

ಇಲ್ಲಿ ನ್ಯೂಜಿಲೆಂಡ್‌ನಲ್ಲಿ ಟೊಯೋಟಾ ಎಸ್ಟಿಮಾ ವ್ಯಾನ್‌ಗಳನ್ನು ಹೀಗೇ ಮಾಡುತ್ತಾರೆ, ನಮ್ಮದೂ ಅದೇ. ಇಲ್ಲಿ 2023ರಲ್ಲಿ ಕಾನೂನು ಬದಲಾಗಿ, ಬಯಲಲ್ಲಿ ರಾತ್ರಿ ನಿಲ್ಲಿಸುವ ಸರ್ಟಿಫಿಕೇಟ್ ಬೇಕಾದರೆ ಒಳಗೆ ಕೂರಿಸಿದ ಟಾಯ್ಲೆಟ್ ಇರಬೇಕು, ಹಾಸಿಗೆ ಹಾಸಿದಾಗಲೂ ಅದನ್ನು ಬಳಸೋಕೆ ಆಗಬೇಕು. ನಿಮಗೆ ಆ ತಾಪತ್ರಯ ಇಲ್ಲ.

ನಾನು ಹೇಳಬೇಕಾದ್ದು ಒಂದೇ. ನಾನು ಮಾಡಿದ್ದು ಬಿಚ್ಚಿ ತೆಗೆಯುವ ಪೆಟ್ಟಿಗೆ. ಡಿಕ್ಕಿಯಲ್ಲಿ ಕೂರುವ ಪ್ಲೈವುಡ್ ಪೆಟ್ಟಿಗೆ, ಹಿಂದಕ್ಕೆ ಎಳೆದರೆ ಒಲೆಯ ಡ್ರಾಯರ್ ಹೊರಗೆ ಬರುತ್ತದೆ. ಮೇಲಿನ ಹಲಗೆ ಮಡಚಿದ ಸೀಟಿನ ಮೇಲೆ ಮುಂದಕ್ಕೆ ಬಿಚ್ಚಿಕೊಂಡರೆ ಅದೇ ಮಂಚ. ಹಳೆಯ ಸೀಟಿನ ಬೋಲ್ಟ್ ಜಾಗಕ್ಕೇ ನಾಲ್ಕು ಬೋಲ್ಟ್. ಸೋಮವಾರ ಇಬ್ಬರು ಹಿಡಿದು ಗ್ಯಾರೇಜಿಗೆ ಇಟ್ಟರೆ ಮತ್ತೆ ಕಾರು. ಮರದ ತೂಕ ನೋಡಿಕೊಳ್ಳಿ. 8 ಅಡಿ 4 ಅಡಿಯ 12 ಮಿಲಿಮೀಟರ್ ಬರ್ಚ್ ಹಾಳೆ 24 ಕೆಜಿ ಹತ್ತಿರ ಬರುತ್ತದೆ, ಪಾಪ್ಲರ್ ಅದಕ್ಕಿಂತ ತುಂಬ ಹಗುರ. ಮರ ಕೊಯ್ಯುವ ಮುಂಚೆ ರಟ್ಟಿನಲ್ಲಿ ಮಾಡಿ ನೋಡಿ. ಟಿವಿ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು.

ತುಂಗಾತೀರ, ಲೀಡ್ಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಆ ಗಾಡಿ ನೋಡೋಕೆ ಹೋಗಿದ್ದೆ. ಹರಾಜಿನ ಹಾಳೆ ಕೇಳಿದರೆ ಹುಡುಕುತ್ತೇವೆ ಅಂದರು. ಚಾಪೆ ಹಾಸಿ ಕೆಳಗೆ ಮಲಗಿ ನೋಡಿದೆ, ಎಲ್ಲ ಕಡೆ ಹೊಸ ಕಪ್ಪು, ಇನ್ನೂ ಕೈಗೆ ಅಂಟುತ್ತಿತ್ತು. ಎಡಗಡೆ ಅಂಚನ್ನು ಬಡಿದೆ. ಕಬ್ಬಿಣದ ಕೆಲಸದವರು ಹೇಳಿದ ಹಾಗೆ ಮುಂದೆ ಠಣ್, ಹಿಂದಿನ ಚಕ್ರದ ಹತ್ತಿರ ದಬ್. ನಮಸ್ಕಾರ ಹೇಳಿ ಬಂದೆ.

ಶೆಫೀಲ್ಡ್‌ನಲ್ಲಿ ಇನ್ನೊಂದು ನೋಡಿದ್ದೇವೆ. 2006, ಟೂ ವೀಲ್ ಡ್ರೈವ್, ಮನೆಯವರೇ ಆರು ವರ್ಷ ಓಡಿಸಿದ್ದು, ಹಾಳೆ ಇದೆ, ಗ್ರೇಡ್ 4, ಎಸ್ ಸಿ ಎಲ್ಲೂ ಇಲ್ಲ. ಗಾಡಿ ಬಂದಾಗಲೇ ತುಕ್ಕು ಹಿಡಿಯದ ಹಾಗೆ ಕೆಳಗೆ ಮೇಣ ಹೊಡೆಸಿದ ರಸೀದಿಯೂ ಇಟ್ಟಿದ್ದಾರೆ. ಅಡ್ವಾನ್ಸ್ ಕೊಟ್ಟು ಬಂದೆ. ಛಾವಣಿ ಕತ್ತರಿಸಲ್ಲ. ಅಪ್ಪ ಅಮ್ಮ ಒಳಗೆ ಮಲಗುತ್ತಾರೆ, ನಾವು ಮೂವರು ಪಕ್ಕದ ಬಾಗಿಲಿಗೆ ಸೇರಿಸುವ ಟೆಂಟ್‌ನಲ್ಲಿ. ಮಗಳಿಗೆ ಟೆಂಟೇ ಬೇಕಂತೆ.

ಅಲ್ಲೇ ಒಳಗಿನ ಅಳತೆ ತೆಗೆದುಕೊಂಡು ಬಂದು ಹಾಲ್‌ನಲ್ಲಿ ರಟ್ಟು ಹಾಸಿ ಟೇಪ್ ಅಂಟಿಸಿದ್ದೇವೆ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಒಲೆ ಬಲಗಡೆ ಬೇಡ, ಎಡಗಡೆ ಇಡು, ಕಾಫಿ ಡಬ್ಬ ಕೈಗೆ ಸಿಗುವ ಹಾಗಿರಲಿ ಅಂದರು. ಹಾಗೇ ಬದಲಾಯಿಸಿದೆ. ಕೊನೆಯದಾಗಿ ಒಂದು ಪ್ರಶ್ನೆ: ಅಪ್ಪನಿಗೆ ಮಂಡಿನೋವು, ಹಾಸಿಗೆ ಎಷ್ಟು ದಪ್ಪ ಇರಲಿ?

ಕಪಿಲೆ, ಬ್ರಿಸ್ಟಲ್

ಗಟ್ಟಿ ಫೋಮ್, 10 ಸೆಂಟಿಮೀಟರ್. ಅದಕ್ಕಿಂತ ತೆಳ್ಳಗಾದರೆ ಹಿರಿಯರಿಗೆ ಹಲಗೆ ಒತ್ತುತ್ತದೆ, ದಪ್ಪಗಾದರೆ ತಲೆ ಎತ್ತಿ ಕೂರೋಕೆ ಆಗಲ್ಲ. ಮೂರು ತುಂಡು ಮಾಡಿಸಿ, ಹಗಲು ಸೀಟಿನ ಹಿಂದೆ ನಿಲ್ಲಿಸಬಹುದು. ಫೋಮ್ ಸೀದಾ ಪ್ಲೈವುಡ್ ಮೇಲೆ ಇಡಬೇಡಿ. ಮಲಗಿದವರ ಉಸಿರು, ಮೈಯ ಬಿಸಿಯ ತೇವವೆಲ್ಲ ತಣ್ಣಗಿನ ಹಲಗೆಗೆ ಬಂದು ನೀರಾಗುತ್ತದೆ, ಎರಡು ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಹಲಗೆಗೆ ಕೈಯಗಲ ಬಿಟ್ಟು ಬಿಟ್ಟು ದೊಡ್ಡ ತೂತು ಕೊರೆಯಿರಿ, ತೂಕವೂ ಇಳಿಯುತ್ತದೆ. ರಾತ್ರಿ ಎರಡು ಕಿಟಕಿ ಒಂದು ಬೆರಳಷ್ಟು ತೆರೆದಿರಲಿ. ಮತ್ತೆ ಹಿಂದಿನ ಬಾಗಿಲಿನ ಕೆಳಗೆ ಒಂದು ಲೈಟು ಹಾಕಿಸಿಕೊಳ್ಳಿ, ಅಮ್ಮ ಐದೂವರೆಗೆ ಏಳುತ್ತಾರೆ ಅಂದಿರಲ್ವಾ, ಆಗಸ್ಟ್ ಕೊನೆಯ ಹೊತ್ತಿಗೆ ಆ ಟೈಮಿಗೆ ಇನ್ನೂ ಕತ್ತಲೇ ಇರುತ್ತದೆ.